ಹೂಳು ಅನ್ನೋ ಮಾತಿಗೆ ನಮ್ಮ ಅರ್ಥ

ಈಗ ಎಲ್ಲಿ ನೋಡಿದರೂ ಹೂಳು ತುಂಬಿದೆಯಂತೆ. ಆಡಳಿತದಲ್ಲಿ ಹೂಳು ತುಂಬಿದೆ ಅಂತ ವಿರೋಧ ಪಕ್ಷದವರು ಹೇಳುತ್ತಾರೆ. ಪಕ್ಷದೊಳಗೇ ಹೂಳು ತುಂಬಿದೆ ಅಂತ ಟಿಕೆಟ್ ಸಿಗದವರು ಹೇಳುತ್ತಾರೆ. ವಿಚಾರ ಸಂಕಿರಣಕ್ಕೆ ಹೋದರೆ ವಿಮರ್ಶೆಯಲ್ಲಿ ಹೂಳು, ಸಂಶೋಧನೆಯಲ್ಲಿ ಹೂಳು, ಕಾವ್ಯದಲ್ಲಂತೂ ಕೋಡಿ ಮಟ್ಟಕ್ಕೆ ಹೂಳು. ಹೇಳಿದವರು ಕೂತ ಮೇಲೆ ಚಪ್ಪಾಳೆ, ಆಮೇಲೆ ಊಟ. 1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದಾಗ ಚಪ್ಪಾಳೆ ಬೀಳಲಿಲ್ಲ. ಕಲ್ಲು ಬಿದ್ದವು, ದಲಿತ ಹುಡುಗರಿಗೆ ಏಟು ಬಿದ್ದವು, ಅವರು ಮಂತ್ರಿಗಿರಿ ಬಿಡಬೇಕಾಯಿತು. ಬೂಸಾ ಆದರೂ ದನ ತಿಂದು ಹಾಲು ಕೊಡುವ ವಸ್ತು. ಹೂಳು ಅಂದವರಿಗೆ ಈವತ್ತು ಯಾರೂ ಏನೂ ಅನ್ನುವುದಿಲ್ಲ. ಯಾರು ಅನ್ನುತ್ತಾರೆ ಅನ್ನುವುದರ ಮೇಲೆ ಮಾತಿನ ತೂಕ ನಿಂತಿರುತ್ತದೆ.

ನಾವು ಇಂಥ ಸಭೆಗಳಲ್ಲಿ ಹಿಂದಿನ ಸಾಲಿನಲ್ಲಿ ಕೂತು ಕೇಳಿದ್ದೇವೆ. ಕೇಳುವಾಗ ನಮಗೆ ಏಳುವ ಪ್ರಶ್ನೆ ಒಂದೇ. ಈ ವೇದಿಕೆಯ ಮೇಲಿರುವವರಲ್ಲಿ ಎಷ್ಟು ಜನ ಒಂದು ಮಂಕರಿ ಹೂಳನ್ನು ತಲೆ ಮೇಲೆ ಇಟ್ಟುಕೊಂಡಿದ್ದಾರೆ? ಹಸಿ ಹೂಳು ನೀರು ಕುಡಿದಿರುತ್ತದೆ, ಒಣಮಣ್ಣಿನ ಹಾಗಲ್ಲ. ಮಂಕರಿಯ ಸಂದಿಯಿಂದ ಸೋರಿ ಸಿಂಬೆ ನೆನೆಯುತ್ತದೆ, ಸಿಂಬೆಯಿಂದ ಕತ್ತಿಗೆ, ಕತ್ತಿನಿಂದ ಬೆನ್ನಿಗೆ ಇಳಿಯುತ್ತದೆ. ಏರಿ ಹತ್ತುವಾಗ ಕಾಲು ಜಾರುತ್ತದೆ. ನಮ್ಮಮ್ಮ ಮದುವೆಯಾಗಿ ಬಂದ ವರ್ಷದಿಂದ ಈ ಕೆಲಸ ಮಾಡಿದವಳು. ಅವಳ ಮುಂದೆ ಹೋಗಿ ಕನ್ನಡ ವಿಮರ್ಶೆಯಲ್ಲಿ ಹೂಳು ತುಂಬಿದೆ ಅಂದರೆ, ‘ದಿನಕ್ಕೆ ಕೂಲಿ ಎಷ್ಟು ಕೊಡ್ತಾರಂತೆ?’ ಅಂತ ಕೇಳುತ್ತಾಳೆ.

ಮಾತನ್ನೇ ಮೊದಲು ಹಿಡಿಯೋಣ. ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವರು ನಾವೇ ಮೊದಲು. ಬಿ.ಎ.ಯಲ್ಲಿ ಐಚ್ಛಿಕ ಕನ್ನಡ ಓದಿದ್ದಕ್ಕೆ ಆದ ಲಾಭ ಅಂದರೆ, ಬಾಯಲ್ಲಿದ್ದ ಮಾತುಗಳಿಗೆ ಹಳೇ ವಿಳಾಸ ಸಿಕ್ಕಿದ್ದು. ಹಳಗನ್ನಡದಲ್ಲಿ ಇದು ಪೂೞ್. ಪಕಾರ ಹಕಾರವಾಗಿ ಹೂಳು ಆಯಿತು. ಕೆರೆಯ ತಳದಲ್ಲಿ ಕೂತ ಮಣ್ಣೂ ಹೂಳು, ಸತ್ತವರನ್ನು ಮಣ್ಣಿನೊಳಗೆ ಇಡುವುದೂ ಹೂಳು. ಒಂದು ನಾಮಪದ, ಒಂದು ಕ್ರಿಯಾಪದ, ಅಷ್ಟೇ ವ್ಯತ್ಯಾಸ. ನಮ್ಮ ಕೋಲಾರ ಸೀಮೆಯಲ್ಲಿ ಕೇರಿಯ ಮನೆಯೊಳಗೆ ತೆಲುಗು, ಬಾಗಿಲು ದಾಟಿದರೆ ಕನ್ನಡ. ತೆಲುಗಿನಲ್ಲೂ ಇದೇ ಕತೆ: ಕೆರೆಯ ಹೂಳಿಗೆ ಪೂಡಿಕ, ಹೂಳುವುದಕ್ಕೆ ಪೂಡ್ಚಡಂ. ಎರಡು ಭಾಷೆಯ ಹಿರಿಯರೂ ಇವೆರಡನ್ನು ಬೇರೆ ಬೇರೆ ಅಂದುಕೊಳ್ಳಲಿಲ್ಲ. ಇನ್ನೊಂದು ತಮಾಷೆಯೂ ಇದೆ. ‘ಹೂತ’ ಅಂದರೆ ಹೂಳಿದ ಅಂತಲೂ ಅರ್ಥ, ಹೂ ಬಿಟ್ಟ ಅಂತಲೂ ಅರ್ಥ. ಹೂತ ಹುಣಸೆ ಅಂದರೆ ಅರಳಿ ನಿಂತ ಮರ, ಹೂತ ಹೆಣ ಅಂದರೆ ಮಣ್ಣಿನೊಳಗಿನ ಹೆಣ. ಕವಿಗಳಿಗೆ ಇಂಥದ್ದು ಸಿಕ್ಕರೆ ಬಿಡುವುದಿಲ್ಲ, ನಾವೂ ಒಂದು ಪದ್ಯ ಬರೆದು ಹರಿದು ಹಾಕಿದ್ದೇವೆ. ಪದ್ಯಕ್ಕಿಂತ ಮುಂಚೆ ಹೇಳಬೇಕಾದ್ದು ಬೇರೆ ಇತ್ತು. ಊರಲ್ಲಿ ಯಾರು ಸತ್ತರೂ ಗುಂಡಿ ತೋಡುವವರು, ಸತ್ತ ದನ ಎಳೆಯುವವರು, ಬೇಸಿಗೆಯಲ್ಲಿ ಕೆರೆ ಹೂಳು ಎತ್ತುವವರು ಒಂದೇ ಕೇರಿಯ ಜನ. ಭಾಷೆಯಲ್ಲಿ ಎರಡು ಅರ್ಥ ಒಂದೇ ಮಾತಿಗೆ ಬಂದು ಕೂತ ಹಾಗೆ, ಎರಡು ಕೆಲಸವೂ ಒಂದೇ ಕೈಗೆ ಬಂದು ಕೂತಿವೆ.

ಮಣ್ಣಿನ ಶಾಸ್ತ್ರದವರು ಇದಕ್ಕೆ ಅಳತೆ ಇಟ್ಟಿದ್ದಾರೆ. 2 ಮಿ.ಮೀ.ನಿಂದ 0.05 ಮಿ.ಮೀ.ವರೆಗಿನ ಕಣ ಮರಳು. 0.002 ಮಿ.ಮೀ.ಗಿಂತ ಸಣ್ಣದು ಜೇಡಿ. ನಡುವಿನದು ಸಿಲ್ಟ್. ಗಾಜಿನ ಸೀಸೆಗೆ ಒಂದು ಹಿಡಿ ಕೆರೆ ಮಣ್ಣು, ಮೇಲೆ ನೀರು ಹಾಕಿ ಅಲ್ಲಾಡಿಸಿ ಇಟ್ಟರೆ ಮರಳು ನಿಮಿಷದಲ್ಲಿ ತಳ ಸೇರುತ್ತದೆ, ಸಿಲ್ಟ್ ಗಂಟೆಗಟ್ಟಲೆ ತೆಗೆದುಕೊಳ್ಳುತ್ತದೆ, ಜೇಡಿ ಮಾರನೇ ದಿನವೂ ನೀರನ್ನು ಬಗ್ಗಡ ಮಾಡಿಕೊಂಡು ತೇಲುತ್ತಿರುತ್ತದೆ. ನಮ್ಮ ತಾತನಿಗೆ ಸೀಸೆ ಬೇಕಿರಲಿಲ್ಲ. ಎರಡು ಬೆರಳ ನಡುವೆ ತಿಕ್ಕಿ ಹೇಳುತ್ತಿದ್ದ: ‘ಕಿರಕಿರ ಅಂದ್ರೆ ಮರಳು ಮಗಾ, ಅಂಟಿದ್ರೆ ಜೇಡಿ. ರಾಗಿ ಹಿಟ್ಟಿನಂಗೆ ಜಾರ್ತೈತಲ್ಲ, ಅದೇ ಗೋಡು.’ ಕೆರೆ ಒಣಗಿದಾಗ ಅಂಗಳದಲ್ಲಿ ನಡೆದುಕೊಂಡೇ ಇದನ್ನು ತೋರಿಸುತ್ತಿದ್ದ. ನೀರು ಒಳಗೆ ಬರುವ ಕಾಲುವೆಯ ಬಾಯಲ್ಲಿ ಮರಳು, ಯಾಕಂದರೆ ನೀರಿನ ಓಟ ಅಲ್ಲಿ ನಿಧಾನವಾಗುತ್ತಲೇ ಭಾರದ್ದು ಮೊದಲು ಕೂರುತ್ತದೆ. ಒಳಗೆ ಹೋದಂತೆ ನಯ. ಏರಿಯ ಹತ್ತಿರ, ತೂಬಿನ ಬಾಯಲ್ಲಿ, ಎಲ್ಲಕ್ಕಿಂತ ನಯವಾದ ಕರೀ ಮಣ್ಣು.

ಆದರೆ ಶಾಸ್ತ್ರದ ಸಿಲ್ಟೂ ಜನರ ಹೂಳೂ ಒಂದೇ ಅಲ್ಲ. ಶಾಸ್ತ್ರ ಕಣದ ಗಾತ್ರ ನೋಡುತ್ತದೆ. ಜನ ಅದು ಎಲ್ಲಿ ಕೂತಿದೆ ಅಂತ ನೋಡುತ್ತಾರೆ. ನೀರು ನಿಲ್ಲಬೇಕಾದ ಜಾಗದಲ್ಲಿ ಬಂದು ಕೂತದ್ದೆಲ್ಲ ಹೂಳು: ಮರಳು, ಜೇಡಿ, ಎಲೆ, ಸಗಣಿ, ಸತ್ತ ಮೀನು. ಅದೇ ಮಣ್ಣು ದಿಣ್ಣೆಯ ಮೇಲಿದ್ದಾಗ ಹೊಲ ಅನ್ನಿಸಿಕೊಂಡಿತ್ತು. ಕೆರೆಯಿಂದ ಎತ್ತಿ ಗದ್ದೆಗೆ ಹೊಡೆದರೆ ಗೋಡು, ಗೊಬ್ಬರಕ್ಕೆ ಸಮ. ಗೂಡಿಗೆ ಹೋದರೆ ಇಟ್ಟಿಗೆ. ಕಳ್ಳತನದಲ್ಲಿ ತೊಳೆದು ಲಾರಿಗೆ ತುಂಬಿದರೆ ಫಿಲ್ಟರ್ ಮರಳು. ಅದಕ್ಕಾಗಿಯೇ ನಮ್ಮ ಜಿಲ್ಲೆಯಲ್ಲಿ ಎಷ್ಟೋ ಕೆರೆ ಅಂಗಳಗಳು ಗುಂಡಿ ಬಿದ್ದು ಹೋದವು. ಮಣ್ಣು ಬದಲಾಗಲಿಲ್ಲ, ಜಾಗ ಬದಲಾಯಿತು, ಅದರ ಜೊತೆಗೆ ಹೆಸರೂ ಬೆಲೆಯೂ ಬದಲಾದವು. ಈ ವಿದ್ಯೆ ಜಾತಿ ಗೊತ್ತಿರುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ದಿಣ್ಣೆಯ ಮೇಲಿನ ಆ ಹೊಲ ಯಾರದು ಅಂತ ಕೇಳಿ. ಕೆರೆಯ ಕೆಳಗೆ ಅಚ್ಚುಕಟ್ಟು, ತರಿ ಜಮೀನು. ಅದು ಯಾರ ಹೆಸರಲ್ಲಿದೆ ಅನ್ನೋದು ನಿಮಗೂ ಗೊತ್ತು. ಕೆರೆಯ ಮೇಲ್ಗಡೆ, ನೀರು ಹರಿದು ಬರುವ ಇಳಿಜಾರಿನಲ್ಲಿ, ಗೋಮಾಳದ ಅಂಚಿನಲ್ಲಿ, ನಮ್ಮ ಜನಕ್ಕೆ ದರಖಾಸ್ತಿನಲ್ಲಿ ಸಿಕ್ಕ ತುಂಡುಗಳು. ನಮ್ಮದು ಒಂದೂವರೆ ಎಕರೆ. ತಾತ ಮೊದಲ ಸಲ ನೇಗಿಲು ಹೂಡಿದಾಗ ಗೇಣುದ್ದ ಮಣ್ಣಿತ್ತಂತೆ. ಬದು ಹಾಕಿಸಲು ದುಡ್ಡಿರಲಿಲ್ಲ. ಒಂದೊಂದು ಮಳೆಗೂ ಮೇಲ್ಮಣ್ಣು ಕದಡಿ ಹಳ್ಳಕ್ಕೆ ಇಳಿಯಿತು, ಹಳ್ಳದಿಂದ ಕಾಲುವೆಗೆ, ಕಾಲುವೆಯಿಂದ ಕೆರೆಗೆ. ಈಗ ನಮ್ಮ ಹೊಲದಲ್ಲಿ ಗುದ್ದಲಿ ಹಾಕಿದರೆ ಗರಸು ತಾಗಿ ಕಿಡಿ ಹಾರುತ್ತದೆ. ಪರಿಶಿಷ್ಟರಿಗೆ ಮಂಜೂರಾದ ಭೂಮಿ ಕೈತಪ್ಪದಿರಲಿ ಅಂತ 1978ರಲ್ಲಿ ಕಾಯ್ದೆ ಬಂತು. ಸರ್ಕಾರದ ಅನುಮತಿ ಇಲ್ಲದೆ ಯಾರೂ ಅದನ್ನು ಕೊಳ್ಳುವಂತಿಲ್ಲ. ಕಾಯ್ದೆ ಒಳ್ಳೆಯದೇ, ನಮ್ಮ ಪಹಣಿಯಲ್ಲಿ ತಾತನ ಹೆಸರು ಹಾಗೇ ಉಳಿದಿದೆ. ಸರ್ವೆ ನಂಬರ್ ನಮ್ಮಲ್ಲೇ ಇದೆ, ಮಣ್ಣು ಮಾತ್ರ ಕೆಳಗೆ ಹೋಗಿಬಿಟ್ಟಿದೆ. ಮಳೆ ಮಾಡಿದ ಈ ಪರಭಾರೆಗೆ ಯಾವ ಕಚೇರಿಯಲ್ಲಿ ಅರ್ಜಿ ಹಾಕುವುದು?

ಅಂದರೆ ನಮ್ಮ ಹೊಲದ ಮೇಲ್ಮಣ್ಣೇ ಕೆರೆಯ ಹೂಳು. ಅದನ್ನು ಕೂಲಿಗೆ ಎತ್ತಿದವರೂ ನಾವೇ. ಎತ್ತಿದ್ದು ಹೋಗಿ ಬಿದ್ದದ್ದು ಕೆಳಗಿನ ಗದ್ದೆಗೆ. ಹಿಂದೆ ಚೈತ್ರ ವೈಶಾಖದಲ್ಲಿ ಗಾಡಿ ಕಟ್ಟಿಕೊಂಡು ಗೋಡು ಹೊಡೆಯುವ ರೂಢಿ ಇತ್ತು. ಯಾರ ಮನೆಯಲ್ಲಿ ಗಾಡಿ ಎತ್ತು ಇದ್ದವೋ ಅವರ ಹೊಲಕ್ಕೆ ಹೋಗುತ್ತಿತ್ತು. ನಮ್ಮ ಮನೆಯಲ್ಲಿದ್ದದ್ದು ಎರಡು ಗುದ್ದಲಿ. ‘ಹೂಳು ಬಿಟ್ಟಿ, ಯಾರು ಬೇಕಾದರೂ ಹೊಡ್ಕೊಳ್ಳಿ’ ಅನ್ನುವ ಮಾತು ಈಗಲೂ ನಡೆಯುತ್ತಿದೆ. ಗಾಡಿಯ ಜಾಗಕ್ಕೆ ಟ್ರ್ಯಾಕ್ಟರ್ ಬಂದಿದೆ. ಬಿಟ್ಟಿ ಅನ್ನುವ ಮಾತು ನಮ್ಮ ಕಡೆ ಬಲು ಹಳೆಯದು, ಬಿಟ್ಟಿ ಚಾಕರಿ ಮಾಡಿದವರಿಗೆ ಅದರ ರುಚಿ ಗೊತ್ತು.

ನಮ್ಮ ಮುತ್ತಾತ ನೀರಗಂಟಿ. ಕೋಲಾರ ಸೀಮೆಯಲ್ಲಿ ಆ ಚಾಕರಿ ಬಹುಪಾಲು ಹೊಲೆಮಾದಿಗರ ಮನೆಗಳದ್ದು. ತೂಬಿನ ಬಿರಡೆ ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಹಂಚುವುದು, ಕಾಲುವೆಯ ಹೂಳು ತೆಗೆಸುವುದು, ಮಳೆಗಾಲದ ರಾತ್ರಿ ಏರಿ ಕಾಯುವುದು. ಊರಿನ ಒಟ್ಟು ಭತ್ತ ಅವನ ಕೈಯಿಂದ ಬಿಟ್ಟ ನೀರು ಕುಡಿದು ಬೆಳೆಯಿತು, ಊರಿನ ಬಾವಿಗೆ ಮಾತ್ರ ಅವನು ಹಗ್ಗ ಇಳಿಸುವ ಹಾಗಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನ ಚವದಾರ್ ಕೆರೆಗೆ ಇಳಿದು ನೀರು ಕುಡಿದರು ಅಂತ ನಾವು ಪುಸ್ತಕದಲ್ಲಿ ಓದಿದೆವು. ನಮ್ಮ ಮುತ್ತಾತ ಅದೇ ಕಾಲದಲ್ಲಿ ದಿನಾಲೂ ಕೆರೆಗೆ ಇಳಿಯುತ್ತಿದ್ದ, ಬೊಗಸೆಯೆತ್ತಿ ಕುಡಿಯಲು ಆಚೆ ಈಚೆ ನೋಡಬೇಕಾಗಿತ್ತು. ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ಬಂದದ್ದು 1961ರಲ್ಲಿ. ವಂಶದ ಚಾಕರಿ ಹೋದದ್ದು ಒಳ್ಳೆಯದಾಯಿತು, ಅದಕ್ಕೆ ನಾವು ಅಳುವುದಿಲ್ಲ. ಹಳೇ ಕೆರೆ ಪದ್ಧತಿ ಎಷ್ಟು ಚೆನ್ನಾಗಿತ್ತು ಅಂತ ಈಗ ಕೆಲವರು ಕಣ್ಣಲ್ಲಿ ನೀರು ತುಂಬಿಕೊಂಡು ಬರೆಯುತ್ತಾರೆ. ಅವರ ಮುತ್ತಾತ ಕೆರೆಯ ಯಾವ ಕಡೆ ನಿಂತಿದ್ದ ಅಂತ ಬರೆಯುವುದಿಲ್ಲ. ಕೆರೆಯ ಗುಟ್ಟು ತಿಳಿದವರನ್ನು ಬಿಟ್ಟಿಯಿಂದ ಬಿಡಿಸಿ ಸಂಬಳಕ್ಕೆ ಇಟ್ಟುಕೊಂಡಿದ್ದರೆ ಆಗುತ್ತಿತ್ತು. ಅದನ್ನು ಯಾರೂ ಮಾಡಲಿಲ್ಲ. ಬೋರ್‌ವೆಲ್ ಬಂತು, ಸಾವಿರ ಅಡಿ ದಾಟಿತು, ಫ್ಲೋರೈಡ್ ಬಂತು, ಕೆರೆ ಯಾರಿಗೂ ಬೇಡವಾಯಿತು. ರಾಜ್ಯದಲ್ಲಿ ಸುಮಾರು 36 ಸಾವಿರ ಕೆರೆಗಳಿವೆ ಅಂತ ಲೆಕ್ಕ, ನಮ್ಮದು ಅದರಲ್ಲೊಂದು.

ದೊಡ್ಡ ಅಣೆಕಟ್ಟುಗಳ ಗತಿಯೂ ಇದೇ. ತುಂಗಭದ್ರಾ ಜಲಾಶಯ 1953ರಲ್ಲಿ ತುಂಬಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು, 2016ರ ಸರ್ವೆಯಲ್ಲಿ ಅದು 105.788 ಟಿಎಂಸಿ. ಉಳಿದ ಜಾಗದಲ್ಲಿ ಹೂಳು ಮಲಗಿದೆ. ಕಳೆದುಹೋದ ನೀರಿಗಾಗಿ ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಇನ್ನೊಂದು ಜಲಾಶಯ ಕಟ್ಟಬೇಕೆಂಬ ಮಾತು ವರ್ಷಗಳಿಂದ ನಡೆದಿದೆ. ಹೋದ ನೀರು ಯಾರದು ಅಂತ ಮೂರು ರಾಜ್ಯಗಳು ಜಗಳವಾಡುತ್ತವೆ. ಬಂದ ಮಣ್ಣು ಯಾರದು ಅಂತ ಯಾರೂ ಕೇಳಿದ್ದು ನಾವು ಕಂಡಿಲ್ಲ.

ನಮ್ಮ ಕೆರೆಗೆ ಜೆಸಿಬಿ ಇಳಿದದ್ದು 2019ರ ಬೇಸಿಗೆಯಲ್ಲಿ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧಮಾಡಿ ಕೋಲಾರದ ಕೆರೆಗಳಿಗೆ ಏರಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂದಿತ್ತು. ಮುಂದೆ ನಮ್ಮ ಕಡೆಗೂ ಬರುತ್ತದೆ, ಅಷ್ಟರೊಳಗೆ ಹೂಳು ತೆಗೆಯಬೇಕು ಅಂತ ಆತುರ. ಅಮ್ಮ ಮತ್ತವಳ ಜೊತೆಯವರಿಗೆ ಆ ವರ್ಷ ಕೂಲಿ ಸಿಗಲಿಲ್ಲ. ನೂರು ಹೆಂಗಸರು ಒಂದು ತಿಂಗಳು ಹೊರುವುದನ್ನು ಯಂತ್ರ ಎರಡು ದಿನದಲ್ಲಿ ಮುಗಿಸುತ್ತದೆ. ತಲೆ ಮೇಲಿನ ಭಾರ ಇಳಿಯಿತಲ್ಲ ಅಂತ ನಾವು ಅಂದದ್ದಕ್ಕೆ, ‘ಭಾರ ಇಳೀತು, ಒಲೆ ಮ್ಯಾಲಿನ ಮಡಿಕೇನೂ ಇಳೀತು’ ಅಂದಳು.

ನಮ್ಮ ಕೇರಿಗೆ ಸ್ಮಶಾನ ಇಲ್ಲ. ಊರಿನವರಿಗೆ ತೋಪಿನ ಹತ್ತಿರ ಇದೆ, ಅಲ್ಲಿ ಗುಂಡಿ ತೋಡುವುದಕ್ಕೆ ಮಾತ್ರ ನಮಗೆ ದಾರಿ. ನಮ್ಮವರನ್ನು ತಲೆಮಾರುಗಳಿಂದ ಹೂಳುತ್ತಾ ಬಂದದ್ದು ಕೆರೆಯ ಅಂಚಿನಲ್ಲಿ, ಕಾಲುವೆ ಬಂದು ಸೇರುವ ಮೂಲೆಯಲ್ಲಿ. ಮಳೆಗಾಲದಲ್ಲಿ ಆ ಜಾಗದ ಮೇಲೂ ನೀರು ಬರುತ್ತಿತ್ತು. ಗುರುತಿಗೆ ಇಟ್ಟ ಕಲ್ಲುಗಳು ಹೂಳಿನಲ್ಲಿ ಮುಳುಗುತ್ತಾ ಹೋದವು. ಒಂದು ಹೂಳಿನ ಮೇಲೆ ಇನ್ನೊಂದು ಹೂಳು. ಗುತ್ತಿಗೆಯ ನಕ್ಷೆಯಲ್ಲಿ ಆ ಮೂಲೆ ಕೆರೆ ಅಂಗಳ ಅಂತಲೇ ಇತ್ತು. ಮೂರನೇ ದಿನ ಬೆಳಗ್ಗೆ ಜೆಸಿಬಿಯ ಬಕೆಟ್ಟಿನಲ್ಲಿ ಎಲುಬು ಬಂದವು.

ಕೇರಿಯವರೆಲ್ಲ ಓಡಿದೆವು. ಡ್ರೈವರ್ ಹುಡುಗ ಇಳಿದು ದೂರ ನಿಂತಿದ್ದ, ಪಾಪ, ಹೆದರಿದ್ದ. ಅಷ್ಟರಲ್ಲಿ ಎರಡು ಟಿಪ್ಪರ್ ತುಂಬಿ ಹೋಗಿಯಾಗಿತ್ತು. ಒಂದು ಹೋದದ್ದು ಅಚ್ಚುಕಟ್ಟಿನ ಗದ್ದೆಗೆ, ಇನ್ನೊಂದು ಇಟ್ಟಿಗೆ ಗೂಡಿಗೆ. ಯಾರ ತಾಯಿ, ಯಾರ ಮಗು, ಯಾರ ಅಣ್ಣ ಅಂತ ಹೇಗೆ ಹೇಳುವುದು? ನಮ್ಮಜ್ಜಿಯನ್ನು ಅಲ್ಲೇ ಹೂತು ಆಗ ಏಳು ವರ್ಷವಾಗಿತ್ತು. ಅಮ್ಮ ಗಾಜಿನ ಬಳೆ ಚೂರುಗಳನ್ನು ಆರಿಸಿ ಸೆರಗಿಗೆ ಹಾಕಿಕೊಂಡಳು. ಅಜ್ಜಿಗೆ ಹಾಕಿ ಕಳಿಸಿದ್ದು ಹಸಿರು ಬಳೆ, ಸಿಕ್ಕವೆಲ್ಲ ಹಸಿರೇ. ಎಲ್ಲರಿಗೂ ಹಾಕುವುದು ಹಸಿರೇ ತಾನೆ. ಗುತ್ತಿಗೆಯ ಕಡೆಯ ಮೇಸ್ತ್ರಿ ಬಂದವರು ಕೆಟ್ಟ ಮನುಷ್ಯರೇನಲ್ಲ, ಕೈ ಮುಗಿದರು. ಹೋದ ಎರಡು ಲೋಡು ಏನು ಮಾಡೋದು ಸ್ವಾಮಿ ಅಂತ ನಾವು ಕೇಳಿದಾಗ, ‘ಅದು ಆಗ್ಲೇ ಹೂಳಿನ ಲೆಕ್ಕದಾಗೆ ಬರೆದಾಯ್ತಲ್ಲ’ ಅಂದರು. ಬಿಲ್ಲಿನಲ್ಲಿ ಘನ ಮೀಟರಿನ ಕಾಲಂ ಇರುತ್ತದೆ, ಅಜ್ಜಿಯ ಕಾಲಂ ಇರುವುದಿಲ್ಲ. ಉಳಿದ ಎಲುಬುಗಳನ್ನು ಗೋಣಿಚೀಲದಲ್ಲಿ ಕಟ್ಟಿ, ಸ್ವಲ್ಪ ಮೇಲೆ, ಯಾರದೂ ಅಲ್ಲದ ಬಂಡೆ ಪಕ್ಕ ಮತ್ತೆ ಹೂತೆವು.

ನಮ್ಮ ಚಿಕ್ಕಪ್ಪ ಆ ದಿನ ಊರಲ್ಲಿರಲಿಲ್ಲ, ಬೆಂಗಳೂರಲ್ಲಿ ಅವನೂ ಹೂಳು ತೆಗೆಯುತ್ತಿದ್ದ. ಏನು ಕೆಲಸ ಅಂತ ಕೇಳಿದರೆ ‘ಸಿಲ್ಟ್ ಕೆಲಸ’ ಅನ್ನುತ್ತಾನೆ. ಮಳೆಗಾಲಕ್ಕೆ ಮುಂಚೆ ಬೆಂಗಳೂರಿನ ಬೀದಿಗಳಲ್ಲಿ ಚರಂಡಿ ಚಪ್ಪಡಿ ಎತ್ತಿ, ಕರೀ ರಾಡಿಯನ್ನು ಪಕ್ಕದಲ್ಲೇ ಗುಡ್ಡೆ ಹಾಕಿರುವುದನ್ನು ನೀವೂ ನೋಡಿರುತ್ತೀರಿ. ಗುಡ್ಡೆ ಸಾಗಿಸುವ ಗಾಡಿ ಬರುವ ಮುಂಚೆ ಮಳೆ ಬರುತ್ತದೆ, ಗುಡ್ಡೆ ವಾಪಸ್ ಚರಂಡಿಗೆ ಇಳಿಯುತ್ತದೆ, ಮತ್ತೆ ಟೆಂಡರ್ ಆಗುತ್ತದೆ. ಅದು ನಗೆಯ ಭಾಗ. ಇನ್ನೊಂದು ಭಾಗದಲ್ಲಿ ನಗೆ ಇಲ್ಲ. ಮ್ಯಾನ್‌ಹೋಲಿನ ತಳದಲ್ಲಿರುವುದಕ್ಕೂ ಕಾಗದದಲ್ಲಿ ಹೂಳು ಅಂತಲೇ ಬರೆಯುತ್ತಾರೆ. ಅದು ಮಣ್ಣಲ್ಲ. ಅದು ಮನುಷ್ಯರ ಹೇಲು, ಅದರ ಜೊತೆಗೆ ಅಡುಗೆ ಎಣ್ಣೆ, ಕೂದಲು, ಬಟ್ಟೆ, ಪ್ಲಾಸ್ಟಿಕ್. ಮಲ ಅಂತ ಬರೆದರೆ ಕಾನೂನು ಎದ್ದು ನಿಲ್ಲುತ್ತದೆ. ಹೂಳು ಅಂತ ಬರೆದರೆ ಮಲಗಿರುತ್ತದೆ.

ಕಾನೂನುಗಳಿಗೇನೂ ಬರವಿಲ್ಲ. ತಲೆ ಮೇಲೆ ಮಲ ಹೊರಬಾರದು ಅಂತ ಇದೇ ಬಸವಲಿಂಗಪ್ಪನವರು 1970ರ ದಶಕದ ಆರಂಭದಲ್ಲಿ ಮಂತ್ರಿಯಾಗಿದ್ದಾಗ ಆದೇಶ ಮಾಡಿದರು. ದೇಶಕ್ಕೆ 1993ರಲ್ಲೊಂದು ಕಾಯ್ದೆ, 2013ರಲ್ಲಿ ಇನ್ನೊಂದು. 2013ರದ್ದು ರಕ್ಷಣೆಯ ಸಲಕರಣೆಗಳಿಲ್ಲದೆ ಒಳಚರಂಡಿ, ಸೆಪ್ಟಿಕ್ ಟ್ಯಾಂಕಿಗೆ ಮನುಷ್ಯನನ್ನು ಇಳಿಸುವುದನ್ನು ಅಪರಾಧ ಅನ್ನುತ್ತದೆ. ಇಳಿದು ಸತ್ತವರ ಮನೆಗೆ 10 ಲಕ್ಷ ಕೊಡಿ ಅಂತ 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು, 2023ರಲ್ಲಿ ಅದನ್ನು 30 ಲಕ್ಷ ಮಾಡಿತು. ದರ ಏರಿದೆ, ಸಾವು ನಿಂತಿಲ್ಲ.

ಹೂಳು ಹೇಗೆ ಕೊಲ್ಲುತ್ತದೆ ಅನ್ನುವುದನ್ನು ಚಿಕ್ಕಪ್ಪನೇ ನಮಗೆ ಹೇಳಿದ್ದು. ಗಾಳಿಯಾಡದ ಕಡೆ ಕೊಳೆತದ್ದರಲ್ಲಿ ವಿಷಗಾಳಿ ಹುಟ್ಟಿ ಒಳಗೇ ಸಿಕ್ಕಿಕೊಂಡಿರುತ್ತದೆ. ಮೇಲಿಂದ ನೋಡಿದರೆ ತೆಪ್ಪಗಿರುತ್ತದೆ. ಕಾಲಿಟ್ಟು, ಸನಿಕೆ ಆಡಿಸಿ ಕದಡಿದ ಕೂಡಲೇ ಒಮ್ಮೆಗೇ ಏಳುತ್ತದೆ. ಹೈಡ್ರೋಜನ್ ಸಲ್ಫೈಡ್ ಸ್ವಲ್ಪ ಇದ್ದರೆ ಕೊಳೆತ ಮೊಟ್ಟೆಯ ನಾತ, ಹೆಚ್ಚಾದರೆ ಮೂಗೇ ಸತ್ತುಹೋಗಿ ನಾತ ಗೊತ್ತಾಗುವುದಿಲ್ಲ. ‘ನಾತ ಹೊಡೀತಿದ್ರೆ ಬದುಕಿದ್ದೀಯ ಅಂತ ಲೆಕ್ಕ. ನಾತ ನಿಂತ್ರೆ ಮೇಲಕ್ಕೆ ಬಂದ್ಬುಡಬೇಕು, ಬರೋಕೆ ಕಾಲಿದ್ರೆ.’ ಅವನ ಜೊತೆಯವನೊಬ್ಬ ಬರಲಿಲ್ಲ. ಎತ್ತಲು ಇಳಿದ ಎರಡನೆಯವನೂ ಬರಲಿಲ್ಲ. ಹೂಳು ತೆಗೆಯಲು ಇಳಿದ ಕಾರ್ಮಿಕರ ಸಾವು ಅಂತ ಮಾರನೇ ದಿನ ಪೇಪರಿನಲ್ಲಿ ನಾಲ್ಕು ಸಾಲು. ಇಳಿಸಿದವರು ಯಾರು ಅನ್ನುವುದು ಆ ವಾಕ್ಯದಲ್ಲಿ ಇರಲಿಲ್ಲ. ವ್ಯಾಕರಣ ಪಾಠ ಮಾಡುವ ಮೇಷ್ಟರು ಇದನ್ನು ಮಕ್ಕಳಿಗೆ ತೋರಿಸಬೇಕು: ಕರ್ತೃವಿಲ್ಲದೆ ಕನ್ನಡದಲ್ಲಿ ಎಷ್ಟು ಸಲೀಸಾಗಿ ವಾಕ್ಯ ಕಟ್ಟಬಹುದು ಅಂತ.

ಆಮೇಲೆ ಕೆ.ಸಿ. ವ್ಯಾಲಿಯ ನೀರು ನಮ್ಮ ಕೆರೆಗೂ ಬಂತು. ವರ್ಷಗಳ ಮೇಲೆ ಕೆರೆ ತುಂಬಿದ್ದು ನೋಡಿ ಜನ ಹಾಲು ತುಪ್ಪ ಬಿಟ್ಟರು. ಬಾವಿಗಳಲ್ಲಿ ನೀರು ಮೇಲೆ ಬಂದದ್ದು ನಿಜ, ಆ ನೀರಿನ ಗುಣದ ಬಗ್ಗೆ ತಕರಾರು ಇರುವುದೂ ನಿಜ. ಚಿಕ್ಕಪ್ಪ ಏರಿ ಮೇಲೆ ನಿಂತು ಬೀಡಿ ಹಚ್ಚಿ, ‘ನಾನು ಅಲ್ಲಿ ಕದಡಿದ್ದು ನನಗಿಂತ ಮೊದಲೇ ಊರಿಗೆ ಬಂದೈತೆ’ ಅಂದ. ಮುತ್ತಾತ ಕೋಲಾರದ ಕೆರೆಗೆ ಇಳಿದ, ಮೊಮ್ಮಗ ಬೆಂಗಳೂರಿನ ಗುಂಡಿಗೆ ಇಳಿದ, ಗುಂಡಿಯ ನೀರು ಪೈಪಿನಲ್ಲಿ ಮುತ್ತಾತನ ಕೆರೆಗೆ ಬಂತು.

ಗ್ರಾಮಸಭೆಗೆ ನಾವು ಎರಡು ಅರ್ಜಿ ಕೊಟ್ಟೆವು. ಒಂದು, ಕೇರಿಗೆ ಸ್ಮಶಾನಕ್ಕೆ ಸರ್ವೆ ನಂಬರ್ ಗುರುತಿಸಿ ಅಳತೆ ಮಾಡಿಕೊಡಬೇಕು. ಇನ್ನೊಂದು, ಇನ್ನು ಮುಂದೆ ಕೆರೆಯ ಹೂಳು ಎತ್ತಿದರೆ ಮೊದಲ ಪಾಲು ಕೆರೆಯ ಮೇಲ್ಗಡೆಯ ಮಂಜೂರಾತಿ ಜಮೀನುಗಳಿಗೆ, ಸಾಗಣೆಯ ಖರ್ಚು ಯೋಜನೆಯದ್ದೇ. ಎರಡನೆಯದನ್ನು ಓದಿದಾಗ ನಕ್ಕರು. ಹೂಳು ಯಾವಾಗಲೂ ಕೆಳಕ್ಕೆ ಹೋಗೋದು ಅಲ್ವೇನಪ್ಪಾ, ಮೇಲಕ್ಕೆ ಹೋಗುತ್ತಾ ಅಂತ ಒಬ್ಬ ಹಿರಿಯರು ಕೇಳಿದರು. ಕೊಳಚೆ ನೀರನ್ನು ಬೆಂಗಳೂರಿನಿಂದ ಇಲ್ಲಿಗೆ ಪಂಪು ಮಾಡಬಹುದಾದರೆ ನಮ್ಮ ಮಣ್ಣನ್ನು ಅರ್ಧ ಮೈಲಿ ಟ್ರ್ಯಾಕ್ಟರಲ್ಲಿ ಏರಿಸಬಹುದು ಅಂತ ನಾವು ಅಂದೆವು. ಪುಸ್ತಕದಲ್ಲಿ ‘ಪರಿಶೀಲಿಸಲಾಗುವುದು’ ಅಂತ ಬರೆದುಕೊಂಡರು. ಇಲ್ಲೂ ಕರ್ತೃ ಇಲ್ಲ.

2019ರಲ್ಲಿ ಜೆಸಿಬಿ ಎತ್ತಿದ ಗುಡ್ಡೆಯಿಂದ ನಮ್ಮ ಹೊಲಕ್ಕೆ ಮೂರು ಲೋಡು ಬಂದಿತ್ತು. ಮಾವನ ಮಗನ ಟ್ರ್ಯಾಕ್ಟರು, ಡೀಸೆಲ್ ನಮ್ಮ ಸ್ಕಾಲರ್‌ಶಿಪ್ಪಿನ ದುಡ್ಡು. ಅಮ್ಮ ಒಬ್ಬಳೇ ಎಂಟು ದಿನ ಕೂತು ಹರಡಿದಳು. ಒಂದೊಂದು ಬಾಂಡ್ಲಿ ಸುರಿಯುವ ಮುಂಚೆಯೂ ಕೈಯಾಡಿಸಿ, ಹೆಂಟೆ ಒಡೆದು ನೋಡಿ ಸುರಿಯುತ್ತಿದ್ದಳು. ಬಸವನಹುಳದ ಚಿಪ್ಪು, ಒಂದು ತುಕ್ಕು ಹಿಡಿದ ಬ್ಲೇಡು, ಹುಣಸೆ ಬೀಜ ಸಿಕ್ಕವು. ಮೂರು ಲೋಡು ಎಷ್ಟಕ್ಕೆ ಸಾಲುತ್ತದೆ, ಮೇಲಿನ ಮೂಲೆಯ ಐದಾರು ಸಾಲಿಗೆ ಅಷ್ಟೆ. ಆ ವರ್ಷ ಆ ಐದಾರು ಸಾಲಿನ ರಾಗಿ ಸೊಂಟಕ್ಕೆ ಬಂತು. ಉಳಿದ ಹೊಲದಲ್ಲಿ ಮೊಣಕಾಲುದ್ದ.